ಐಟಿಐ ಮುಗಿಸಿದ ತಮ್ಮನಿಗೆ ಯಾವುದು ಒಳ್ಳೆಯದು: 12,000ದ ಟ್ರೈನಿ ಕೆಲಸವಾ, 9,500ರ ಅಪ್ರೆಂಟಿಸ್‌ಶಿಪ್ಪಾ?

ಅರಕಲಗೂಡು_ಅಕ್ಕ:
ಎಲ್ಲರಿಗೂ ನಮಸ್ಕಾರ. ತಮ್ಮ ಹಾಸನದಲ್ಲಿ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಎರಡು ಕಡೆಯಿಂದ ಕರೆ ಬಂದಿದೆ. ಒಂದು ಇಲ್ಲೇ, ಗ್ರೋತ್ ಸೆಂಟರ್ ಕಡೆಯ ಫ್ಯಾಕ್ಟರಿ. ಟ್ರೈನಿ ಅಂತ ತಗೊಳ್ತಾರಂತೆ, ತಿಂಗಳಿಗೆ 12,000, ವರ್ಷ ಆದಮೇಲೆ ನೋಡೋಣ ಅಂದಿದ್ದಾರೆ. ಇನ್ನೊಂದು ಬೆಂಗಳೂರಲ್ಲಿ ಅಪ್ರೆಂಟಿಸ್, ಒಂದು ವರ್ಷ, ಸ್ಟೈಪೆಂಡ್ 9,500, ಮಧ್ಯಾಹ್ನದ ಊಟ ಕ್ಯಾಂಟೀನಲ್ಲಿ. ಈ ಸಲ ಶುಂಠಿಯಲ್ಲಿ ಕೈಗೇನೂ ಹತ್ತಲಿಲ್ಲ, ಹಾಗಾಗಿ ಅಪ್ಪ ಜಾಸ್ತಿ ಕೊಡೋ ಕಡೆಗೇ ಹೋಗಲಿ ಅಂತಾರೆ. ನನಗೆ ಮುಂದಿನದ್ದೇ ಯೋಚನೆ. ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಎಲ್ಲಿ ಸಿಗುತ್ತೆ? ಎರಡು ಮೂರು ವರ್ಷ ಆದಮೇಲೆ ಯಾವ ದಾರಿಯಲ್ಲಿ ಸಂಬಳ ಏರುತ್ತೆ? ಗೊತ್ತಿರುವವರು ದಯವಿಟ್ಟು ಹೇಳಿ.

ಸಂಬಳದ_ಲೆಕ್ಕ:
ಅಕ್ಕ, ನಾನು ಫ್ಯಾಕ್ಟರಿಯೊಂದರಲ್ಲಿ ಸಂಬಳದ ಲೆಕ್ಕ ನೋಡುತ್ತೇನೆ. ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಟ್ರೈನಿ ಬೇರೆ, ಅಪ್ರೆಂಟಿಸ್ ಬೇರೆ.

ಅಪ್ರೆಂಟಿಸ್ ಅಂದರೆ 1961ರ ಕಾಯ್ದೆ ಪ್ರಕಾರ ಕಲಿಯುವವನು, ಕಾರ್ಮಿಕ ಅಲ್ಲ. ಅದಕ್ಕೇ ಅವನಿಗೆ ಪಿಎಫ್, ಇಎಸ್‌ಐ, ಬೋನಸ್ ಯಾವುದೂ ಇಲ್ಲ. ಆದರೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕಾದ್ದು ಕಂಪನಿಯೇ, ಮತ್ತೆ ಅನುಮತಿ ಇಲ್ಲದೆ ಓಟಿ ಮಾಡಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಐಟಿಐ ಮುಗಿಸಿದವರ ಸ್ಟೈಪೆಂಡ್ ಕನಿಷ್ಠ 7,000 ಅಂತ ಮಾಡಿದರು, ನಿಮ್ಮ ತಮ್ಮನಿಗೆ ಹೇಳಿರುವುದು ಅದಕ್ಕಿಂತ ಜಾಸ್ತಿಯೇ ಇದೆ.

ಟ್ರೈನಿ ಅನ್ನುವ ಹೆಸರನ್ನು ಕಂಪನಿ ಯಾರಿಗೆ ಬೇಕಾದರೂ ಇಡಬಹುದು. ಹುಡುಗ ಎಲ್ಲರ ಹಾಗೆ ಪೂರ್ತಿ ಶಿಫ್ಟ್ ಮಷಿನ್ ಓಡಿಸುತ್ತಿದ್ದರೆ ಅವನು ಕಾರ್ಮಿಕನೇ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲಾ ಕೇಳುವ ಹಕ್ಕಿದೆ. 12,000ದ ಮೇಲೆ ಪಿಎಫ್ ಅವನ ಪಾಲು 1,440, ಕಂಪನಿಯದ್ದು ಇನ್ನೊಂದು 1,440. ಇಎಸ್‌ಐಗೆ ಅವನು ಕಟ್ಟುವುದು ಬರೀ 90, ಕಂಪನಿ 390. ಹಾಗಾಗಿ ಆ 12,000 ಕಡಿತಕ್ಕೆ ಮುಂಚಿನದ್ದಾ ಆಮೇಲಿನದ್ದಾ ಅಂತ ಕೇಳಿ. ಏನೂ ಕಡಿತ ಇಲ್ಲ, ಅಷ್ಟೂ ಕೈಗೆ ಅಂದರೆ ಖುಷಿಪಡಬೇಡಿ, ಕಂಪನಿ ಪಾಲೂ ತಪ್ಪಿತು ಅಂತ ಅರ್ಥ.

ಒಂದು ತೊಡಕಿದೆ. ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕಂಪನಿಯ ಸೇವಾ ನಿಯಮ, ಇರುವ ಕಡೆ, ಅದರ ಪ್ರಕಾರ ತಗೊಂಡ ಟ್ರೈನಿಗಳಿಗೆ ಪಿಎಫ್ ಅನ್ವಯಿಸಲ್ಲ ಅಂತ ಮಂಗಳೂರಿನ ಕ್ಯಾಂಪ್ಕೊ ಕೇಸಿನಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಆಫರ್ ಲೆಟರ್‌ನಲ್ಲಿ ಏನು ಬರೆದಿದ್ದಾರೆ ಅನ್ನುವುದು ಮುಖ್ಯ.

ಲೇತ್_ಹುಡುಗ:
ನಾನು ಅಪ್ರೆಂಟಿಸ್ ಮಾಡಿದವನು, ಬೆಂಗಳೂರಿಗೇ ಕಳಿಸಿ ಅಂತೀನಿ. ನಮ್ಮನ್ನು ಒಂದೇ ಮಷಿನ್ ಮುಂದೆ ನಿಲ್ಲಿಸಲಿಲ್ಲ. ಲೇತ್ ಆಯಿತು, ಮಿಲ್ಲಿಂಗ್, ಗ್ರೈಂಡಿಂಗ್, ಆಮೇಲೆ ಮೆಂಟೆನೆನ್ಸ್‌ನವರ ಜೊತೆ ಬ್ರೇಕ್‌ಡೌನ್‌ಗೆ ಓಡಾಟ. ಮುಂದಿನ ಇಂಟರ್‌ವ್ಯೂನಲ್ಲಿ ಡ್ರಾಯಿಂಗ್ ಕೈಗೆ ಕೊಟ್ಟು ಮೈಕ್ರೋಮೀಟರ್ ಹಿಡಿಸಿದರು, ಅಲ್ಲಿ ಸಂಬಳ ಕೇಳಲು ಧೈರ್ಯ ಬಂದಿದ್ದು ಈ ಕಲಿಕೆಯಿಂದಲೇ. ವರ್ಷಪೂರ್ತಿ ಒಂದೇ ಲೈನಿನಲ್ಲಿ ಬೋಲ್ಟ್ ಬಿಗಿಮಾಡಿದವನಿಗೆ ಆ ಕಂಪನಿ ಬಿಟ್ಟರೆ ಬೇರೆ ಕಡೆ ಏನು ಬೆಲೆ ಹೇಳಿ? ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಬರುತ್ತೆ. ರೈಲ್ವೆಯ ಲೆವೆಲ್-1 (ಮೊದಲ ಹಂತದ ಹುದ್ದೆಗಳು) ನೇಮಕಾತಿಯಲ್ಲಿ ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ 20% ಮೀಸಲು ಕೂಡ ಇದೆ, ತಮ್ಮನಿಗೆ ಆ ಕಡೆ ಆಸೆ ಇದ್ದರೆ ಅದನ್ನೂ ನೋಡಿ.

ಕಾಫಿಸೀಮೆ_ಟೈಲರ್:
ಅಣ್ಣ ಹೇಳಿದ್ದು ಸರಿ, ಆದರೆ ಬೆಂಗಳೂರಲ್ಲಿ ರೂಮ್ ಬಾಡಿಗೆ ಯಾರು ಕಟ್ಟುತ್ತಾರೆ? 9,500ರಲ್ಲಿ ಬಾಡಿಗೆ, ರಾತ್ರಿ ಊಟ, ಬಸ್ಸು ಕಳೆದರೆ ಮನೆಗೆ ಕಳಿಸಲು ಏನೂ ಉಳಿಯಲ್ಲ, ಕೆಲವು ತಿಂಗಳು ಮನೆಯಿಂದಲೇ ತರಿಸಬೇಕಾಗುತ್ತೆ. ಅಪ್ಪ ಹೇಳುವುದರಲ್ಲೂ ನ್ಯಾಯ ಇದೆ ಅಲ್ವಾ.

ಹಾಗಂತ ಟ್ರೈನಿ ಕೆಲಸಕ್ಕೆ ಕಣ್ಣುಮುಚ್ಚಿ ಸೇರಿಸಬೇಡಿ. ನಾನು ಗಾರ್ಮೆಂಟ್ಸ್‌ಗೆ ಟ್ರೈನಿ ಅಂತ ಸೇರಿದಾಗ ಕಲಿಸುವುದು ಕೆಲವೇ ದಿನಕ್ಕೆ ಮುಗಿಯಿತು. ಆಮೇಲೆ ಟಾರ್ಗೆಟ್ ಎಲ್ಲರಷ್ಟೇ, ಸಂಬಳ ಮಾತ್ರ ಟ್ರೈನಿಯದ್ದು. ಅವಧಿ ಮುಗಿದಾಗ ಇನ್ನೂ ಸ್ಪೀಡ್ ಬಂದಿಲ್ಲ ಅಂತ ಮುಂದೂಡಿದರು. ನಡುವೆ ಕಾಮಾಲೆ ಆಯಿತು. ಇಎಸ್‌ಐ ಇದ್ದಿದ್ದರೆ ಔಷಧಿಯೂ ಸಿಗುತ್ತಿತ್ತು, ರಜೆಯ ದಿನಗಳಿಗೆ ಸಂಬಳದ 70% ಬರುತ್ತಿತ್ತು. ನನಗೆ ಎರಡೂ ಇಲ್ಲ, ಅಮ್ಮನ ಓಲೆ ಅಡವಿಟ್ಟೆವು. ವಯಸ್ಸಿನ ಹುಡುಗರಿಗೆ ಕಾಯಿಲೆ ಬರಲ್ಲ ಅಂತ ಯಾರೂ ಅಂದುಕೊಳ್ಳಬೇಡಿ.

ಅರಕಲಗೂಡು_ಅಕ್ಕ:
ತುಂಬಾ ಥ್ಯಾಂಕ್ಸ್. ಇಲ್ಲಿಯ ಫ್ಯಾಕ್ಟರಿಗೆ ಫೋನ್ ಮಾಡಿದೆ. ಪಿಎಫ್ ಕಟ್ಟೋದು ಕೆಲಸ ಕನ್ಫರ್ಮ್ ಆದಮೇಲೆ ಅಂದರು. ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಕಂತೆ. ಬೆಂಗಳೂರಿನವರ ಹತ್ತಿರ ಏನು ಕೇಳಲಿ?

ಸಂಬಳದ_ಲೆಕ್ಕ:
ಒರಿಜಿನಲ್ ಕೊಡಲೇಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ. ನಾಳೆ ಒಳ್ಳೆ ಕೆಲಸ ಸಿಕ್ಕರೆ ಹುಡುಗ ಬಿಟ್ಟು ಬರಲು ಆಗಬೇಕಲ್ಲ.

ಬೆಂಗಳೂರಿನವರನ್ನು ಕೇಳಬೇಕಾದ್ದು: ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತಾ? ಹಾಸ್ಟೆಲ್ ಇದೆಯಾ? ಹೋದ ಬ್ಯಾಚಿನಲ್ಲಿ ಎಷ್ಟು ಜನರನ್ನು ಉಳಿಸಿಕೊಂಡರು? ಕೆಲಸ ಕೊಡಲೇಬೇಕು ಅಂತ ಕಾನೂನಿಲ್ಲ, ಅದಕ್ಕೇ ಈ ಕೊನೆಯ ಪ್ರಶ್ನೆ ಬಿಡಬೇಡಿ. ಎನ್‌ಎಪಿಎಸ್ ಅನ್ನುವ ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿದ್ದರೆ ಸ್ಟೈಪೆಂಡ್‌ನಲ್ಲಿ ಸರ್ಕಾರದ ಪಾಲು, ತಿಂಗಳಿಗೆ 1,500ರವರೆಗೆ, ನೇರ ಅವನ ಖಾತೆಗೆ ಬೀಳುತ್ತೆ. ಖಾತೆಗೆ ಆಧಾರ್ ಜೋಡಿಸಿರಬೇಕು.

ಹಾಸ್ಟೆಲ್ ಸಿಕ್ಕರೆ ಅಲ್ಲಿಗೇ ಕಳಿಸಿ. ಇಲ್ಲದಿದ್ದರೆ ಇಲ್ಲೇ ಸೇರಲಿ, ಆದರೆ ಟ್ರೈನಿಂಗ್ ಅವಧಿ, ಮುಗಿದ ಮೇಲಿನ ಸಂಬಳ ಎರಡೂ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಪಿಎಫ್ ಕಟ್ಟುತ್ತೇವೆ ಅಂತ ಒಪ್ಪಿದರೆ ಯುಎಎನ್ (ಪಿಎಫ್ ಸದಸ್ಯನ) ನಂಬರ್ ಇಸ್ಕೊಂಡು, ಎರಡನೇ ತಿಂಗಳು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ದುಡ್ಡು ಬಿದ್ದಿದೆಯಾ ನೋಡಿ.