ಲಿವರ್ ಕಸಿಗೆ ಮುಂಚೆ ಹೃದಯ ತಪಾಸಣೆ: ನಾಡಿ 112ಕ್ಕೇ ನಿಂತ ಸ್ಟ್ರೆಸ್ ಎಕೋ ಸಾಕೇ?

ಪ್ರಶ್ನೆ (ಹೆಪಟಾಲಜಿ ರೆಸಿಡೆಂಟ್)
ಗಂಡಸು, ವಯಸ್ಸು 58. ಫ್ಯಾಟಿ ಲಿವರ್‌ನಿಂದ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಸೋಲುತ್ತಾ ಹೋಗುವ ಕಾಯಿಲೆ), 15 ವರ್ಷದ ಶುಗರ್, ಹಿಂದೆ ಬೀಡಿ ಸೇದುತ್ತಿದ್ದರು. ಎದೆನೋವಿಲ್ಲ, ಆದರೆ ಹೊಟ್ಟೆ ತುಂಬ ನೀರು, ಓಡಾಟವೇ ಕಡಿಮೆ. ಬಿಪಿ 100/60, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 5.8, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಇಎಫ್ (ಪ್ರತಿ ಬಡಿತಕ್ಕೆ ಎಡ ಕುಹರ ಹೊರದೂಡುವ ರಕ್ತದ ಪಾಲು) 65%. ಕಾರ್ವೆಡಿಲಾಲ್ (ನಾಡಿಯನ್ನೂ ಲಿವರ್ ಕಡೆಯ ರಕ್ತನಾಳದ ಒತ್ತಡವನ್ನೂ ಇಳಿಸುವ ಮಾತ್ರೆ) ನಡೆಯುತ್ತಿದೆ. ಡೊಬುಟಮಿನ್ ಸ್ಟ್ರೆಸ್ ಎಕೋದಲ್ಲಿ (ಔಷಧಿಯಿಂದ ನಾಡಿ ಏರಿಸಿ ಮಾಡುವ ಎಕೋ) ನಾಡಿ 112 ದಾಟಲಿಲ್ಲ, ರಿಪೋರ್ಟಿನಲ್ಲಿ ‘ನೆಗೆಟಿವ್’ ಎಂದಿದೆ. ಮಗಳೇ ದಾನಿ. ಫಿಟ್‌ನೆಸ್ ಕೊಡಬಹುದೇ ಸರ್, ಆಂಜಿಯೋ ಬೇಕೇ?

ಉತ್ತರ 1 (ಕಾರ್ಡಿಯಾಲಜಿ)
ಅದು ನೆಗೆಟಿವ್ ಅಲ್ಲ, ಅಪೂರ್ಣ ಟೆಸ್ಟ್. ಗರಿಷ್ಠ ನಾಡಿಯ ಲೆಕ್ಕಕ್ಕೆ 220ರಲ್ಲಿ ವಯಸ್ಸು 58 ಕಳೆದರೆ 162, ಟೆಸ್ಟ್ ಪೂರ್ಣವಾಗಲು ಅದರ 85%, ಎಂದರೆ 138 ಮುಟ್ಟಬೇಕು. ಇವರು ಮುಟ್ಟಿದ್ದು 69%. ಕಾರ್ವೆಡಿಲಾಲ್ ಒಂದು ಕಾರಣ. ಸಿರೋಸಿಸ್‌ನಲ್ಲಿ ಮಾತ್ರೆ ಇಲ್ಲದೆಯೂ ನಾಡಿ ಸುಲಭವಾಗಿ ಏರುವುದಿಲ್ಲ, ನಾಡಿ ಏರಿಸುವ ಅಟ್ರೋಪಿನ್ ಕೊಟ್ಟರೂ ಎಷ್ಟೋ ಜನ ಗುರಿ ಮುಟ್ಟುವುದಿಲ್ಲ. ಮಾತ್ರೆ ನಿಲ್ಲಿಸಿ ಮತ್ತೆ ಮಾಡಿಸೋಣ ಎಂದರೆ ವೆರೈಸಿಸ್ (ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳು) ಒಡೆಯುವ ಭಯ. ಇನ್ನು, ಗುರಿ ಮುಟ್ಟಿದ ಸ್ಟ್ರೆಸ್ ಎಕೋ ಕೂಡ ಈ ರೋಗಿಗಳಲ್ಲಿ ಬ್ಲಾಕ್‌ಗಳನ್ನು ಬಿಟ್ಟುಬಿಡುವುದುಂಟು.

ಉಳಿದ ಅಂಕಿಗಳನ್ನೂ ನಂಬಿ ಕೂರಬೇಡಿ. ಲಿವರ್ ಸೋತಾಗ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತದೆ. ಊದಿದ ಗುಲ್ಮ (ಸ್ಪ್ಲೀನ್) ಕೆಂಪು ರಕ್ತಕಣಗಳನ್ನು ಬೇಗ ಕೊಲ್ಲುವುದರಿಂದ ಎಚ್‌ಬಿಎ1ಸಿ ಕಡಿಮೆ ಬರುತ್ತದೆ. ರಕ್ತನಾಳ ಹಿಗ್ಗಿರುವುದರಿಂದ ಹಳೆಯ ಬಿಪಿ ಕಾಯಿಲೆಯೂ ಮುಚ್ಚಿಹೋಗುತ್ತದೆ. ಮನೆಯವರಿಂದ ಹಳೆಯ ಫೈಲ್ ತರಿಸಿ ನೋಡಿ.

ಇವರಿಗೆ ಕರೊನರಿ ಸಿಟಿ ಆಂಜಿಯೋ (ಹೃದಯದ ರಕ್ತನಾಳಗಳ ಸಿಟಿ ಸ್ಕ್ಯಾನ್) ನನ್ನ ಮೊದಲ ಆಯ್ಕೆ. ನಾಡಿ 60ರ ಆಸುಪಾಸು ಬೇಕು, ಅಲ್ಲಿ ಕಾರ್ವೆಡಿಲಾಲ್ ಸಹಾಯಕ್ಕೇ ಬರುತ್ತದೆ. ಹಿಂದಿನ ದಿನ ಹೊಟ್ಟೆನೀರು ತೆಗೆಸಿ, ಇಲ್ಲವಾದರೆ ಉಸಿರು ಹಿಡಿಯಲಾಗದೆ ಚಿತ್ರ ಕಲಸಿಹೋಗುತ್ತದೆ. ಈ ಬಿಪಿಗೆ, ನಾಳ ಹಿಗ್ಗಿಸುವ ನಾಲಿಗೆಯಡಿಯ ನೈಟ್ರೋಗ್ಲಿಸರಿನ್ ಕೊಡುವಾಗ ಎಚ್ಚರ. ಕ್ಯಾಲ್ಸಿಯಂ ಸ್ಕೋರ್ (ನಾಳದ ಗೋಡೆಯಲ್ಲಿ ಕೂತ ಸುಣ್ಣದ ಅಳತೆ) 400 ದಾಟಿದರೆ ನೇರ ಆಂಜಿಯೋಗೆ (ನಾಳದೊಳಗೆ ಕೊಳವೆ ಹಾಕಿ ನೋಡುವುದಕ್ಕೆ) ಹೋಗಿ. ಕ್ರಿಯಾಟಿನಿನ್ (ಕಿಡ್ನಿ ಸೋಲುವುದನ್ನು ತೋರಿಸುವ ಅಂಕಿ) ಏರುತ್ತಿದ್ದರೂ ಅದೇ ದಾರಿ: ಮಣಿಕಟ್ಟಿನಿಂದ, ಆದಷ್ಟು ಕಡಿಮೆ ಡೈನಲ್ಲಿ, ಎಡ ಕುಹರಕ್ಕೆ ಡೈ ಬಿಡದೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಂಕಿ) ಹೆಚ್ಚಿದೆ ಎಂದು ಪ್ಲಾಸ್ಮಾ ಸುರಿಯಬೇಡಿ.

ಉತ್ತರ 2 (ಅರಿವಳಿಕೆ, ಟ್ರಾನ್ಸ್‌ಪ್ಲಾಂಟ್ ತಂಡ)
ಎಲ್ಲರೂ ಬ್ಲಾಕ್ ಹುಡುಕುತ್ತಾರೆ, ಬಲಗಡೆಯ ಹೃದಯವನ್ನು ಮರೆಯುತ್ತಾರೆ. ಎಕೋದಲ್ಲಿ ಬಲ ಕುಹರದ ಒತ್ತಡ 45 ದಾಟಿದ್ದರೆ ರೈಟ್ ಹಾರ್ಟ್ ಕ್ಯಾಥ್ (ಬಲಹೃದಯಕ್ಕೆ ಕೊಳವೆ ಹಾಕಿ ಒತ್ತಡ ಅಳೆಯುವುದು) ಮಾಡಿಸಲೇಬೇಕು. ಸರಾಸರಿ ಪಲ್ಮನರಿ (ಶ್ವಾಸಕೋಶದ ರಕ್ತನಾಳದ) ಒತ್ತಡದ ಜೊತೆ ವೆಡ್ಜ್ (ಎಡಹೃದಯದ ಕಡೆಯ ಒತ್ತಡ), ಔಟ್‌ಪುಟ್ (ಹೃದಯ ನಿಮಿಷಕ್ಕೆ ದೂಡುವ ರಕ್ತ), ಪಿವಿಆರ್ (ಶ್ವಾಸಕೋಶದ ನಾಳಗಳ ಪ್ರತಿರೋಧ) ಬರೆಸಿ. ಒತ್ತಡ ಹೆಚ್ಚಿದ್ದು ಪಿವಿಆರ್ ಸರಿಯಿದ್ದರೆ ಅದು ನೀರಿನಿಂದಲೋ ಅತಿಯಾದ ರಕ್ತಪ್ರವಾಹದಿಂದಲೋ ಬಂದದ್ದು. ವೆಡ್ಜ್ 15ರೊಳಗಿದ್ದು ಪಿವಿಆರ್ 2 ಯೂನಿಟ್ ದಾಟಿದ್ದರೆ ಪೋರ್ಟೋಪಲ್ಮನರಿ ಹೈಪರ್‌ಟೆನ್ಶನ್ (ಲಿವರ್ ಕಾಯಿಲೆಯ ಜೊತೆ ಬರುವ ಶ್ವಾಸಕೋಶದ ನಾಳಗಳ ಅಧಿಕ ಒತ್ತಡ). ಔಷಧಿ ಕೊಟ್ಟು ಸರಾಸರಿ ಒತ್ತಡವನ್ನು 35ರೊಳಗೆ ತಂದ ಮೇಲೆಯೇ ಕಸಿ. 50ರ ಮೇಲೆ ಆಪರೇಷನ್ ಟೇಬಲ್ ಹತ್ತಿಸಬಾರದು.

ಯಾಕೆಂದರೆ, ಹೊಸ ಲಿವರ್‌ಗೆ ರಕ್ತ ಬಿಡಲು ಕ್ಲಾಂಪ್ ತೆಗೆದ ಆ ಗಳಿಗೆ ತಣ್ಣನೆಯ, ಪೊಟ್ಯಾಸಿಯಂ ತುಂಬಿದ ರಕ್ತ ನೇರ ಬಲಹೃದಯಕ್ಕೆ ನುಗ್ಗುತ್ತದೆ. ಮೊದಲ 5 ನಿಮಿಷದಲ್ಲಿ ಬಿಪಿ 30%ಗಿಂತ ಹೆಚ್ಚು ಕುಸಿಯಬಹುದು. ಬಲ ಕುಹರ ಸೋತರೆ ಒತ್ತಡ ಹಿಂದಕ್ಕೆ ತಳ್ಳಿ ಹೊಸ ಲಿವರ್ ಊದಿಕೊಳ್ಳುತ್ತದೆ.

ಇಎಫ್ 65% ನೋಡಿ ಸಮಾಧಾನಪಡಬೇಡಿ. ಹಿಗ್ಗಿದ ರಕ್ತನಾಳಗಳಿಗೆ ಪಂಪ್ ಮಾಡುವುದು ಹೃದಯಕ್ಕೆ ಸಲೀಸು, ಕಸಿಯಾದ ಮೇಲೆ ನಾಳಗಳು ಬಿಗಿಯಾದಾಗ ನಿಜವಾದ ಬಲ ತಿಳಿಯುತ್ತದೆ. ಸ್ಟ್ರೈನ್ (ಬಡಿತದಲ್ಲಿ ಹೃದಯದ ಸ್ನಾಯು ಕುಗ್ಗುವ ಪ್ರಮಾಣ, 18%ಗಿಂತ ಕಡಿಮೆಯಿದ್ದರೆ ಸಂಶಯಪಡಿ), ಇ/ಇ-ಪ್ರೈಮ್ (ಎಡ ಕುಹರ ತುಂಬುವಾಗಿನ ಒತ್ತಡದ ಸೂಚಕ), ಎಡ ಹೃತ್ಕರ್ಣದ ಗಾತ್ರ ಕೇಳಿ. ಇಸಿಜಿಯಲ್ಲಿ ಕ್ಯೂಟಿಸಿ (ಬಡಿತದ ಬಳಿಕ ಹೃದಯದ ವಿದ್ಯುತ್ ಮತ್ತೆ ಸಜ್ಜಾಗುವ ಅವಧಿ) ನೋಡಿ. ಡೊಬುಟಮಿನ್ ಓಡುವಾಗ ಎಡ ಕುಹರದ ಹೊರದಾರಿಯಲ್ಲಿ ಗ್ರೇಡಿಯಂಟ್ (ಇಕ್ಕಟ್ಟಿನಿಂದ ಬರುವ ಒತ್ತಡದ ವ್ಯತ್ಯಾಸ) ಕಂಡಿತೇ ಎಂದು ಎಕೋ ಮಾಡಿದವರನ್ನೇ ವಿಚಾರಿಸಿ. ಇದ್ದರೆ ರಕ್ತಸ್ರಾವದ ನಡುವೆ ಅಡ್ರಿನಲಿನ್ ಕೊಟ್ಟಷ್ಟೂ ಬಿಪಿ ಇಳಿಯುತ್ತದೆ.

ಪ್ರಶ್ನೆ ಕೇಳಿದವರು
ಎಲ್‌ಎಡಿಯಲ್ಲಿ (ಹೃದಯದ ಮುಂಭಾಗದ ಮುಖ್ಯ ರಕ್ತನಾಳ) ದೊಡ್ಡ ಬ್ಲಾಕ್ ಸಿಕ್ಕರೆ? ಪ್ಲೇಟ್‌ಲೆಟ್ 48,000 ಇದೆ.

ಉತ್ತರ 3 (ಹೆಪಟಾಲಜಿ)
ಮೊದಲು ಎಂಡೋಸ್ಕೋಪಿ ಮಾಡಿ ದೊಡ್ಡ ವೆರೈಸಿಸ್‌ಗೆ ಬ್ಯಾಂಡ್ ಹಾಕಿ, ಆಮೇಲೆ ಸ್ಟೆಂಟ್. ಎರಡು ರಕ್ತ ತೆಳು ಮಾಡುವ ಮಾತ್ರೆ ಕಡಿಮೆ ಅವಧಿಗೆ ಸಾಕಾಗುವ ಔಷಧಿ ಲೇಪಿಸಿದ ಹೊಸ ಸ್ಟೆಂಟ್ ಆರಿಸಲು ಕಾರ್ಡಿಯಾಲಜಿಯವರಿಗೆ ಮೊದಲೇ ಹೇಳಿ. ನೀರು ತುಂಬಿದ ಹಂತದಲ್ಲಿ ಬೈಪಾಸ್ ಬಹಳ ಅಪಾಯ. ಮಗಳು ದಾನಿಯಾಗಿರುವುದು ಇಲ್ಲಿ ದೊಡ್ಡ ಅನುಕೂಲ, ದಿನಾಂಕ ನಮ್ಮ ಕೈಯಲ್ಲಿರುತ್ತದೆ. ಜೀವಸಾರ್ಥಕತೆಯ (ಮೃತರ ಅಂಗಾಂಗ ಹಂಚುವ ಕರ್ನಾಟಕದ ಸಂಸ್ಥೆ) ಪಟ್ಟಿಯಲ್ಲೂ ಹೆಸರಿದ್ದರೆ, ಸ್ಟೆಂಟ್ ಹಾಕಿದ ದಿನವೇ ಕೋಆರ್ಡಿನೇಟರ್‌ಗೆ ತಿಳಿಸಿ. ರಾತ್ರಿ ಕರೆ ಬಂದು, ರಕ್ತ ತೆಳು ಮಾಡುವ ಕ್ಲೊಪಿಡೋಗ್ರೆಲ್ ನಡೆಯುತ್ತಿರುವಾಗಲೇ ಹೊಟ್ಟೆ ತೆರೆಯುವಂತಾಗಬಾರದು. ಆಪರೇಷನ್‌ಗೆ 5 ದಿನ ಮುಂಚೆ ಕ್ಲೊಪಿಡೋಗ್ರೆಲ್ ನಿಲ್ಲಿಸಿ. ಆಸ್ಪಿರಿನ್ ಮುಂದುವರಿಸುವುದನ್ನು ಸರ್ಜನ್, ಅರಿವಳಿಕೆ, ಕಾರ್ಡಿಯಾಲಜಿ ಮೂವರೂ ಒಟ್ಟಿಗೆ ಕೂತು ತೀರ್ಮಾನಿಸಿ ಕೇಸ್ ಶೀಟಿನಲ್ಲಿ ಬರೆದಿಡಲಿ.