ಘಾಟಿ ದಾರಿಯ ರ‍್ಯಾಂಡಮ್ ಎನ್‌ಕೌಂಟರ್ ಎಲ್ಲ ಬರೀ ಹೊಡೆದಾಟ ಆಗ್ತದೆ, ಎಂತ ಮಾಡುದು?

ಹೆಬ್ರಿ ದಾರಿ (ಪ್ರಶ್ನೆ)

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಡೈಸ್ ಹಾಕಿ ಪಾತ್ರವಾಗಿ ಆಡುವ ಕಥೆಯ ಆಟ) 5ನೇ ಆವೃತ್ತಿ, 2014ರ ಪುಸ್ತಕಗಳು. ಕಥೆ ನಡೆಸುವ ಡಿಎಂ ನಾನು. ಉಡುಪಿಯಲ್ಲಿ ಭಾನುವಾರ 3 ಗಂಟೆ ಆಟ, 4 ಆಟಗಾರರು, ಎಲ್ಲರೂ 3ನೇ ಲೆವೆಲ್. ಕಥೆಯಲ್ಲಿ ಬಂದರಿನಿಂದ ಘಾಟಿ ಹತ್ತಿ ಮೇಲಿನ ಕೋಟೆಗೆ 4 ದಿನದ ಕಾಡುದಾರಿ. ನಕ್ಷೆಗೆ ಆಗುಂಬೆ ಘಾಟಿಯೇ ಮಾದರಿ, ಕಾಲ ಮಳೆಗಾಲ. ಹಗಲು 8 ಗಂಟೆ, ರಾತ್ರಿ 8 ಗಂಟೆ, ಗಂಟೆಗೊಮ್ಮೆ ಡಿ20 (20 ಮುಖದ ಡೈಸ್). 18 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎನ್‌ಕೌಂಟರ್, ಅಂದರೆ ದಾರಿಯಲ್ಲಿ ಯಾರೋ ಎದುರಾಗುದು. ಯಾರು ಬರ್ತಾರೆ ಅಂತ ನೋಡುವ ಟೇಬಲಿನಲ್ಲಿ ‘2ಡಿ6 ಗಾಬ್ಲಿನ್’ (6 ಮುಖದ 2 ಡೈಸಿನ ಮೊತ್ತದಷ್ಟು ಕುಳ್ಳ ರಾಕ್ಷಸರು), ‘ಔಲ್‌ಬೇರ್ 1’ (ಗೂಬೆ ತಲೆಯ ಕರಡಿ), ಇಂಥದ್ದೇ.

ಒಂದೊಂದು ಹೊಡೆದಾಟಕ್ಕೆ ಮುಕ್ಕಾಲು ಗಂಟೆ ಹೋಗ್ತದೆ, ದಾರಿ ಮುಗಿಯುವುದೇ ಇಲ್ಲ. ಮತ್ತೆ ವಿಝರ್ಡ್ (ಮಂತ್ರವಾದಿ ಪಾತ್ರ) ಇದ್ದಬದ್ದ ಸ್ಪೆಲ್ (ಮಂತ್ರ) ಎಲ್ಲ ಒಂದೇ ಕಡೆ ಸುರಿದು, ರಾತ್ರಿ ಮಲಗಿ ಎದ್ದರೆ ಎಲ್ಲ ವಾಪಸ್. ತೆಗೆದೇ ಬಿಡುದಾ, ಸರಿ ಮಾಡ್ಲಿಕ್ಕೆ ದಾರಿ ಉಂಟಾ? ಊರಿನ ದೈವಗಳನ್ನೂ ಟೇಬಲಿಗೆ ಸೇರಿಸುವ ಅಂತ ಉಂಟು.

ಇಪ್ಪತ್ತು ಮುಖ

ತೆಗೀಬೇಡಿ. ಮೊದಲು ಲೆಕ್ಕ ನೋಡಿ. ಡಿ20ರಲ್ಲಿ 18 ಅಥವಾ ಅದರ ಮೇಲೆ ಅಂದರೆ ನೂರಕ್ಕೆ 15. ದಿನಕ್ಕೆ 16 ಸಲ ಹಾಕಿದರೆ ಸರಾಸರಿ 2.4, 4 ದಿನಕ್ಕೆ ಹತ್ತಿರ ಹತ್ತಿರ 10 ಎನ್‌ಕೌಂಟರ್. 3 ಗಂಟೆಯಲ್ಲಿ ಹೇಗೆ ಮುಗೀತದೆ ಮಾರಾಯ್ರೆ? ದಿನಕ್ಕೆ 3 ಸಲ ಸಾಕು: ಬೆಳಿಗ್ಗೆ, ಮಧ್ಯಾಹ್ನದ ಮೇಲೆ, ರಾತ್ರಿ ಕಾವಲಲ್ಲಿ. ಒಟ್ಟು 12 ಸಲ, ಸರಾಸರಿ 1.8. ಒಂದೂ ಬಾರದಿರುವ ಸಾಧ್ಯತೆ ನೂರಕ್ಕೆ 14, ಅದರಿಂದ ಏನೂ ಹಾಳಾಗುದಿಲ್ಲ. ದಾರಿ ತಪ್ಪಿದರೆ, ಗಲಾಟೆ ಮಾಡಿದರೆ, ಗಾಯಾಳುವಿಗಾಗಿ ನಿಂತರೆ ಇನ್ನೊಂದು ಸಲ ಹಾಕಿ, ಎಲ್ಲರ ಕಣ್ಣೆದುರೇ ಹಾಕಿ. ಕಳೆದ ಹೊತ್ತಿಗೆ ಬೆಲೆ ಉಂಟು ಅಂತ ಅವರಿಗೆ ಗೊತ್ತಾಗುದು ಹಾಗೆ.

ಎರಡನೆಯದು ಆ ‘2ಡಿ6 ಗಾಬ್ಲಿನ್’. ಒಂದಕ್ಕೆ 50 ಎಕ್ಸ್‌ಪಿ (ಅನುಭವದ ಅಂಕ; ಹೊಡೆದಾಟ ಎಷ್ಟು ಕಷ್ಟ ಅಂತ ಅಳೆಯುದೂ ಇದರಲ್ಲೇ). 7 ಬಂದರೆ 350, ಗುಂಪು ದೊಡ್ಡದಾದಷ್ಟು ಹೆಚ್ಚುವ ಗುಣಕ ಇಲ್ಲಿ 2.5, ಅಂದರೆ 875. ನಿಮ್ಮ ಪಾರ್ಟಿಗೆ (4 ಪಾತ್ರಗಳ ತಂಡಕ್ಕೆ) ‘ಹಾರ್ಡ್’ ಮಟ್ಟ ಶುರುವಾಗುದು 900ಕ್ಕೆ. 11 ಬಂದರೆ ಗುಣಕ 3 ಆಗಿ 1650. ‘ಡೆಡ್ಲಿ’ಯ ಗೆರೆ 1600. 11 ಅಥವಾ 12 ಬೀಳುವ ಸಾಧ್ಯತೆ 12ರಲ್ಲಿ 1. ದಾರಿಬದಿಯ ಎನ್‌ಕೌಂಟರಿಗೆ ಇದು ಅತಿಯಾಯ್ತು. 1ಡಿ4+2 ಮಾಡಿ: ಗುಣಕ 2 ಆಗಿ 3 ಬಂದರೆ 300, 6 ಬಂದರೆ 600. ನಿಮ್ಮ ಪಾರ್ಟಿಯ ‘ಈಸಿ’ಯಿಂದ ‘ಮೀಡಿಯಂ’ ವರೆಗೆ ಸರಿಯಾಗಿ ಕೂತ್ಕೊಳ್ತದೆ.

ವಿಝರ್ಡಿನ ವಿಷಯಕ್ಕೆ ಡಿಎಂ ಗೈಡಿನಲ್ಲೇ (ಕಥೆ ನಡೆಸುವವರ ನಿಯಮ ಪುಸ್ತಕ) ‘ಗ್ರಿಟ್ಟಿ ರಿಯಲಿಸಂ’ ಅಂತ ಐಚ್ಛಿಕ ನಿಯಮ ಉಂಟು: ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) 8 ಗಂಟೆ, ಲಾಂಗ್ ರೆಸ್ಟ್ (ಸ್ಪೆಲ್ ಎಲ್ಲ ವಾಪಸ್ ಬರುವ ವಿಶ್ರಾಂತಿ) 7 ದಿನ. ಅಷ್ಟು ಬೇಡವಾದರೆ, ಸೂರು ಮತ್ತು ಕಾವಲು ಇರುವ ಜಾಗದಲ್ಲಿ ಮಾತ್ರ ಲಾಂಗ್ ರೆಸ್ಟ್ ಅನ್ನಿ, ನಕ್ಷೆಯಲ್ಲಿ ಅಂಥದ್ದು ಒಂದೇ ಒಂದು ಇಡಿ. ಇದನ್ನು ಆಟ ಶುರುವಾಗುವ ಮೊದಲೇ ಹೇಳಿ. ಕಾಡಿನ ಮಧ್ಯ ಹೇಳಿದರೆ ಜಗಳ ಆಗ್ತದೆ.

ಹಳೇ ಪೆಟ್ಟಿಗೆ

ಲೆಕ್ಕ ಸರಿ. ಆದರೆ ಮೂಲ ತೊಂದರೆ ಟೇಬಲಿನ ಸಾಲಲ್ಲಿ. ‘ಔಲ್‌ಬೇರ್ 1’ ಅಂತ ಬರೆದರೆ ಬಡಿಯುದು ಬಿಟ್ಟು ಎಂತ ಮಾಡ್ಲಿಕ್ಕೆ? ಪ್ರತಿ ಸಾಲಲ್ಲಿ ಮೂರು ಬೇಕು: ಯಾರು, ಈಗ ಎಂತ ಮಾಡ್ತಾ ಇದ್ದಾರೆ, ಅದಕ್ಕೂ ಮೊದಲು ಕಾಣುವ ಗುರುತು ಯಾವುದು. ಎನ್‌ಕೌಂಟರ್ ಬಂತು ಅಂದಾಗ ಇನ್ನೊಂದು ಡಿ6 ಹಾಕಿ. 1ರಿಂದ 3 ಬಂದರೆ ಗುರುತು ಮಾತ್ರ. ಅಲ್ಲಿಗೆ ಅರ್ಧ ಹೊಡೆದಾಟ ತಪ್ಪಿತು, ಹೆದರಿಕೆ ಉಳಿಯಿತು.

1981ರ ಬೇಸಿಕ್ ಸೆಟ್ಟಿನ (ಡಿ ಅಂಡ್ ಡಿಯ ಹಳೇ ಆವೃತ್ತಿ) ಪ್ರತಿಕ್ರಿಯೆ ಡೈಸ್, ಅಂದರೆ ಎದುರಾದವರ ಮನಸ್ಸು ಹೇಗುಂಟು ಅಂತ ನೋಡುವುದು, 5ನೇ ಆವೃತ್ತಿಗೂ ಹೊಂದ್ತದೆ. 2ಡಿ6: 2 ಬಂದರೆ ನೇರ ದಾಳಿ, 3–5 ಹಗೆ, 6–8 ಗೊಂದಲ, 9–11 ತನ್ನ ಪಾಡಿಗೆ ಹೋಗ್ತದೆ, 12 ಸ್ನೇಹ. 36ರಲ್ಲಿ 16 ಸಲ ಬರುದು 6–8. ಅಂದರೆ ಗಾಬ್ಲಿನ್‌ಗಳು ಹೆಚ್ಚಾಗಿ ನಿಂತು ನೋಡ್ತವೆ, ಮಾತಾಡ್ಲಿಕ್ಕೆ ಸಮಯ ಸಿಗ್ತದೆ.

ಹೊಡೆದಾಟ ಉದ್ದ ಆಗುದು ಯಾವ ಜೀವಿಯೂ ಓಡದೆ ಇರುದರಿಂದ. ಡಿಎಂ ಗೈಡಿನ ಮೊರಾಲ್ (ಧೈರ್ಯದ) ನಿಯಮ ಬಳಸಿ: ನಾಯಕ ಬಿದ್ದ ಕೂಡಲೇ ಡಿಸಿ 10 ವಿಸ್ಡಮ್ ಸೇವ್ (ಡಿ20ಕ್ಕೆ ವಿವೇಕದ ಅಂಕ ಸೇರಿಸಿ 10 ಮುಟ್ಟಬೇಕು, ಇಲ್ಲದಿದ್ದರೆ ಓಟ). ಗಾಬ್ಲಿನಿಗೆ ವಿಸ್ಡಮ್ –1, ಹಾಗಾಗಿ ಅರ್ಧದಷ್ಟು ಸಲ ಗುಂಪೇ ಓಡ್ತದೆ. ಮತ್ತೆ ಕೊಂದರೆ ಮಾತ್ರ ಎಕ್ಸ್‌ಪಿ ಅಂತ ಇಟ್ಟರೆ ಆಟಗಾರರು ಕೊಂದೇ ಕೊಲ್ತಾರೆ. ತಪ್ಪಿಸಿಕೊಂಡರೂ, ಒಪ್ಪಂದ ಮಾಡಿಕೊಂಡರೂ ಪೂರ್ತಿ ಕೊಡಿ.

ಪಶ್ಚಿಮ ಗಾಳಿ

ದೈವಗಳ ವಿಷಯ ಹೇಳಲೇಬೇಕು. ಪಂಜುರ್ಲಿ, ಗುಳಿಗ ಇವರ ಹೆಸರಿನ ಪಕ್ಕ ಹಿಟ್ ಪಾಯಿಂಟ್ (ಪ್ರಾಣದ ಅಂಕ) ಬರೆಯಬೇಡಿ. ನಿಮ್ಮ ಮೇಜಿನಲ್ಲಿ ಕೂತವರ ಮನೆಯಲ್ಲೇ ನೇಮ (ದೈವದ ಉತ್ಸವ) ನಡೀತಿರಬಹುದು; ಅದು ಕತ್ತಿಯಲ್ಲಿ ಕಡಿಯುವ ಜೀವಿ ಅಲ್ಲ. ಊರಿನ ಛಾಯೆ ಬೇಕಾದರೆ ಜಾಗದ ಮೂಲಕ ತನ್ನಿ. ದಾರಿಯಲ್ಲಿ ಒಂದು ಬನ, ಅಲ್ಲಿ ಮರ ಕಡಿಯಬಾರದು. ಕಡಿದು ಬೆಂಕಿ ಹಾಕಿದರೆ ಮುಂದಿನ ಹಳ್ಳಿಯಲ್ಲಿ ಪ್ರತಿಕ್ರಿಯೆ ಡೈಸಿಗೆ –2.

ಪ್ರಾಣಿಗಳಿಗೆ ನಮ್ಮ ಕಾಡೇ ಸಾಕು. ಒಂಟಿ ಕಾಟಿಗೆ (ಕಾಡುಕೋಣ) ಘೇಂಡಾಮೃಗದ ಅಂಕಿಗಳನ್ನೇ ಬಳಸಿ, ಸಿಆರ್ (ಕಷ್ಟದ ಮಟ್ಟ) 2. 20 ಅಡಿ ನೇರ ಓಡಿ ಬಂದು ಗುದ್ದಿದರೆ ಚಾರ್ಜ್ (ಹೆಚ್ಚು ಪೆಟ್ಟಿನ ನುಗ್ಗು) ಲೆಕ್ಕ. ಗುರುತು: ಕೆಸರಲ್ಲಿ ಗೊರಸಿನ ಗುಳಿ, ನೀರು ಇನ್ನೂ ತುಂಬಿಲ್ಲ, ಅಂಚು ಕುಸಿದಿಲ್ಲ. ಇಷ್ಟು ಮಳೆಯಲ್ಲಿ ಗುಳಿ ಖಾಲಿ ಇದ್ದರೆ ಅದು ಈಗಷ್ಟೇ ದಾಟಿದೆ ಅಂತ ಚುರುಕಾದ ಆಟಗಾರ ತಾನೇ ಹೇಳ್ತಾನೆ.

ಜಡಿಮಳೆಯ ನಿಯಮ ಮರೀಬೇಡಿ. ಕಣ್ಣಿಂದಲೂ ಕಿವಿಯಿಂದಲೂ ಮಾಡುವ ಪರ್ಸೆಪ್ಶನಿಗೆ (ಗಮನಿಸುವ ಡೈಸಿಗೆ) ಡಿಸ್‌ಅಡ್ವಾಂಟೇಜ್ (2 ಡಿ20 ಹಾಕಿ ಕಡಿಮೆಯದು ಲೆಕ್ಕ), ತೆರೆದ ದೀವಟಿಗೆ ಆರಿಹೋಗ್ತದೆ. ಮುಚ್ಚಿದ ಲಾಟೀನಿಗೆ ಎಣ್ಣೆ ಎಷ್ಟುಂಟು ಅಂತ ಬರೆದಿಡ್ಲಿಕ್ಕೆ ಹೇಳಿ. ಉಂಬಳಕ್ಕೆ (ಜಿಗಣೆ) ಡೈಸೇ ಬೇಡ, ವರ್ಣನೆ ಸಾಕು.

ಹೆಬ್ರಿ ದಾರಿ

ದೈವಗಳನ್ನು ಬಿಟ್ಟೆ, ಬನ ಇಡ್ತೇನೆ. ಟೇಬಲಿಗೆ ಡಿ12 ಹಾಕುದಾ, 2ಡಿ6 ಹಾಕುದಾ?

ಹಳೇ ಪೆಟ್ಟಿಗೆ

2ಡಿ6. ಡಿ12ರಲ್ಲಿ ಎಲ್ಲದಕ್ಕೂ ಒಂದೇ ಸಾಧ್ಯತೆ. 2ಡಿ6ರಲ್ಲಿ 7 ಬರುದು 36ರಲ್ಲಿ 6 ಸಲ, 2 ಮತ್ತು 12 ಒಂದೊಂದೇ ಸಲ. 7ಕ್ಕೆ ಉಪ್ಪಿನ ಮೂಟೆ ಹೊತ್ತ ಎತ್ತುಗಳ ವ್ಯಾಪಾರಿಗಳು, 6ಕ್ಕೆ ಕಾಡುಹಂದಿ, 8ಕ್ಕೆ ಗಾಬ್ಲಿನ್, 5ಕ್ಕೆ ತೊರೆ ಉಕ್ಕಿ ದಾರಿ ಬಂದ್. ಔಲ್‌ಬೇರ್ 12ಕ್ಕೆ. ಒಂದು ಸಲ ಬಂದ ಸಾಲನ್ನು ಹೊಡೆದುಹಾಕಿ, ಹೊಸದು ಬರೀರಿ. ಹೊಸ ಸಾಲಲ್ಲಿ ಅದೇ ವ್ಯಾಪಾರಿಗಳು ಎರಡನೇ ಸಲ ಸಿಕ್ಕಿದರೆ ಅವರ ಎತ್ತೊಂದು ಕಾಣೆಯಾಗಿರಲಿ.