ಗ್ರೋಸ್ ಪಾಯಿಂಟ್: 17 ಕಂತಿಗೇ ನಿಂತ ಸೀರಿಯಲ್, ಈಗ ನೋಡಿದರೂ ಹಿಡಿಸುತ್ತಾ?

ಕೋಡಿಬಾಗ_ಕಾರವಾರ:
ಹಡಗಿನಲ್ಲಿ ಕೆಲಸದಲ್ಲಿದ್ದ ಮಾವ ಹಿಂದೆ ತಂದಿಟ್ಟಿದ್ದ ಡಿವಿಡಿಗಳಲ್ಲಿ 'ಗ್ರೋಸ್ ಪಾಯಿಂಟ್' ಸಿಕ್ಕಿತು. ಹೊರಗೆ ಬಿಡದೆ ಮಳೆ, ಕೂತು ಪೂರ್ತಿ ನೋಡಿ ಮುಗಿಸಿದೆ. ಗೊತ್ತಿಲ್ಲದವರಿಗೆ ಹೇಳ್ತೇನೆ. ಅಮೆರಿಕದ ಡಬ್ಲ್ಯುಬಿ ಚಾನೆಲ್‌ನಲ್ಲಿ 2000ದ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2001ರ ಫೆಬ್ರವರಿಗೆ ನಿಂತಿತು. 17 ಕಂತು ಅಷ್ಟೇ. ಅದರೊಳಗೆ ಅದೇ ಹೆಸರಿನ ಒಂದು ಹೈಸ್ಕೂಲು ಹುಡುಗ ಹುಡುಗಿಯರ ಸೀರಿಯಲ್ ಶೂಟಿಂಗ್ ನಡೀತಾ ಇರುತ್ತೆ. ಕ್ಯಾಮೆರಾ ಮುಂದೆ ಕಣ್ಣೀರು, ಪ್ರೀತಿ, ಪ್ರಾಣಸ್ನೇಹ. ಕಟ್ ಅಂದ ಕೂಡಲೇ ಯಾರಿಗೆ ಎಷ್ಟು ಡೈಲಾಗ್ ಸಿಕ್ಕಿತು ಅಂತ ಜಗಳ. ಇದನ್ನು ಮಾಡಿದ್ದು ಡ್ಯಾರನ್ ಸ್ಟಾರ್, 'ಬೆವರ್ಲಿ ಹಿಲ್ಸ್ 90210' ಅನ್ನೋ ಹೈಸ್ಕೂಲು ಸೀರಿಯಲ್ ಹುಟ್ಟುಹಾಕಿದವರೇ.

ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ದಿನವಿಡೀ ಕೊರಿಯನ್ ಸೀರಿಯಲ್. 90210 ಹೆಸರೇ ಕೇಳಿಲ್ಲ. ಅವಳಿಗೆ ಇದು ಹಿಡಿಸುತ್ತಾ? ಮತ್ತೆ, ಇಷ್ಟು ಚೆನ್ನಾಗಿದ್ದದ್ದು ಒಂದೇ ಸೀಸನ್‌ಗೆ ಯಾಕೆ ನಿಂತಿತು?

ಶಿರಸಿ_ಹಳೆಪೇಟೆ:
ನಿಂತಿದ್ದಕ್ಕೆ ನೋಡುವವರು ಕಡಿಮೆ ಇದ್ದದ್ದೇ ಕಾರಣ. ಮೊದಲು ಶುಕ್ರವಾರ ರಾತ್ರಿ ಹಾಕಿದರು, ಆಮೇಲೆ ಭಾನುವಾರಕ್ಕೆ ತಳ್ಳಿದರು. ಆದರೆ ನನ್ನ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಆ ಚಾನೆಲ್ ಬದುಕುತ್ತಿದ್ದದ್ದೇ 'ಡಾಸನ್ಸ್ ಕ್ರೀಕ್' ಥರದ, ಹರೆಯದವರ ಪ್ರೀತಿ-ಸ್ನೇಹದ ಸೀರಿಯಲ್‌ಗಳ ಮೇಲೆ. ಅವನ್ನು ಮನಸಾರೆ ಪ್ರೀತಿಸಿ ನೋಡುವ ಹುಡುಗಿಯರ ಮುಂದೆ, ನೀವು ಅಳುತ್ತಾ ನೋಡೋದೆಲ್ಲ ಹೀಗೆ ತಯಾರಾಗುತ್ತೆ ಅಂತ ಇಟ್ಟರೆ ಅವರು ಯಾಕೆ ನೋಡ್ತಾರೆ? ಅದನ್ನು ನೋಡಿ ನಗಬಲ್ಲ ದೊಡ್ಡವರು ಆ ಚಾನೆಲ್ ಕಡೆ ತಲೆ ಹಾಕುತ್ತಿರಲಿಲ್ಲ. ಅಡ್ರೆಸ್ ತಪ್ಪಿತು ಅಷ್ಟೇ, ಸೀರಿಯಲ್‌ನಲ್ಲಿ ಕೊರತೆ ಇರಲಿಲ್ಲ.

ಹಿಂದೆ ನಗುವಿನ ಸದ್ದು ಹಾಕಿಲ್ಲ, ಗಮನಿಸಿದಿರಾ? 2000ದಲ್ಲಿ ಅರ್ಧ ಗಂಟೆಯ ಕಾಮಿಡಿ ಅಂದ್ರೆ ಜಾಸ್ತಿ ಕಡೆ ಆ ಸದ್ದು ಇದ್ದೇ ಇರುತ್ತಿತ್ತು. ಅದಿಲ್ಲ ಅನ್ನೋ ಕಾರಣಕ್ಕೇ ಇದು ಹಳೆಯದು ಅನ್ನಿಸೋದಿಲ್ಲ.

ಹೊನ್ನಾವರದವಳು:
ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ಕ್ವೆಂಟಿನ್ ಅನ್ನೋ ನಟನ ಪಾತ್ರ. ಕೂದಲು ಉದುರುತ್ತಿದೆ, ವಯಸ್ಸು ಮೂವತ್ತರ ಆಸುಪಾಸು, ಆದರೂ ಹೈಸ್ಕೂಲು ಹುಡುಗನಾಗಿ ಪುಸ್ತಕ ಹಿಡಿದು ಓಡಾಡಬೇಕು. ಇದು ಸುಮ್ನೆ ಕಟ್ಟಿದ್ದಲ್ಲ. 90210 ಶುರುವಾದಾಗ, 1990ರಲ್ಲಿ, 16ರ ಹುಡುಗಿ ಆಂಡ್ರಿಯಾ ಪಾತ್ರ ಮಾಡಿದ ಗೇಬ್ರಿಯಲ್ ಕಾರ್ಟೆರಿಸ್ ಅವರಿಗೆ 29 ವರ್ಷ!

ನಮ್ಮ ಕಡೆ ಇದೊಂದು ಸಮಸ್ಯೆಯೇ ಅಲ್ಲ, ಯೋಚನೆ ಮಾಡಿ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಪ್ಪತ್ತು ದಾಟಿದ ಮೇಲೂ ಕೀಚಕನಾಗಿ ಕುಣಿದರು, ಸಭೆ ಅಲ್ಲಾಡದೆ ಕೂತು ನೋಡಿತು. ಯಾಕಂದ್ರೆ ಚೌಕಿಯಿಂದ, ಅಂದ್ರೆ ಬಣ್ಣ ಹಚ್ಚುವ ಕೋಣೆಯಿಂದ, ಹೊರಬಂದದ್ದು ವೇಷ ಅಂತ ಎಲ್ಲರಿಗೂ ಗೊತ್ತು, ಯಾರಿಗೂ ಯಾರನ್ನೂ ನಂಬಿಸಬೇಕಾಗಿಲ್ಲ. ಆ ಸೀರಿಯಲ್‌ಗಳು ಹಾಗಲ್ಲ. ಇದು ನಿಜವಾದ ಶಾಲೆ, ನಿಮ್ಮದೇ ಕಷ್ಟ ಅಂತ ಹದಿನಾರರ ಮಕ್ಕಳಿಗೆ ಹೇಳ್ತಾವೆ. ಮೂವತ್ತರ ಮೈಕಟ್ಟು, ಮೂವತ್ತರ ಚರ್ಮ ನೋಡಿ ಆ ಮಕ್ಕಳು ಕನ್ನಡಿ ಮುಂದೆ ನಿಂತು ಕೊರಗುತ್ತಾರೆ. ಕ್ವೆಂಟಿನ್‌ನ ಕೂದಲಿನ ಚಿಂತೆಯಲ್ಲಿ ಇಷ್ಟೆಲ್ಲ ಇದೆ. ನಿಮ್ಮ ಅಕ್ಕನ ಮಗಳು ನೋಡಬೇಕಾದ್ದು ಇದಕ್ಕೇ.

ಕೋಡಿಬಾಗ_ಕಾರವಾರ:
ಅಕ್ಕಾ, ಸರಿಯಾಗಿ ಹೇಳಿದ್ರಿ. ಮಾರ್ಸಿ ಬಗ್ಗೆ ಏನಂತೀರಿ? ನನಗೆ ಅವಳನ್ನು ನೋಡಿದರೆ ನಗುಗಿಂತ ಜಾಸ್ತಿ ಪಾಪ ಅನ್ನಿಸುತ್ತೆ.

ಹೊನ್ನಾವರದವಳು:
ಲಿಂಡ್ಸೆ ಸ್ಲೋನ್ ಮಾಡಿದ್ದು ಅಲ್ವಾ, ಅದ್ಭುತ. ಎಲ್ಲರೂ ತನ್ನನ್ನು ಮೆಚ್ಚಲಿ ಅಂತ ಒದ್ದಾಡುವ ಹುಡುಗಿ. ಆ ಪಾತ್ರ 90210ರಲ್ಲಿ ನಟಿಸಿದ್ದ ಟೋರಿ ಸ್ಪೆಲ್ಲಿಂಗ್ ಅವರನ್ನು ತೀರಾ ಹೋಲುತ್ತೆ ಅಂತ ಅವರ ಅಪ್ಪ, 90210ರ ನಿರ್ಮಾಪಕ ಆರನ್ ಸ್ಪೆಲ್ಲಿಂಗ್, ಬೇಸರ ಮಾಡಿಕೊಂಡಿದ್ದರು. ಆಮೇಲೆ ಡ್ಯಾರನ್ ಸ್ಟಾರ್ ಆ ಹೋಲಿಕೆ ಕಡಿಮೆ ಮಾಡಿದರು. ಒಳ್ಳೆಯದೇ ಆಯ್ತು. ಒಬ್ಬರನ್ನು ಚುಚ್ಚೋದು ಬಿಟ್ಟ ಮೇಲೆ ಮಾರ್ಸಿ ತನ್ನ ಕಾಲ ಮೇಲೆ ನಿಂತಳು.

ಕುಮಟಾ_ಲೈಟ್‌ಬಾಯ್:
ಬೆಂಗಳೂರಲ್ಲಿ ಸೀರಿಯಲ್ ಸೆಟ್‌ಗಳಲ್ಲಿ ಲೈಟಿಂಗ್ ಕೆಲಸ ಮಾಡಿ ಊರಿಗೆ ಬಂದವನು ನಾನು. ಇದರಲ್ಲಿ ಡೇವ್ ಅಂತ ಒಬ್ಬ ಇದ್ದಾನೆ, ಸ್ಟ್ಯಾಂಡ್‌-ಇನ್. ಅವನ ಬಗ್ಗೆ ಯಾರೂ ಮಾತಾಡಲಿಲ್ಲ. ಹೀರೋ ಬರುವ ಮೊದಲು ಅವನಷ್ಟೇ ಎತ್ತರದ ಒಬ್ಬನನ್ನು ನೆಲದ ಮೇಲೆ ಟೇಪ್ ಅಂಟಿಸಿದ ಜಾಗದಲ್ಲಿ ನಿಲ್ಲಿಸ್ತಾರೆ. ಮೂಗಿನ ನೆರಳು ಕೆನ್ನೆ ಮೇಲೆ ಬೀಳ್ತಿದೆಯಾ ನೋಡ್ತಾರೆ, ಲೈಟು ಇಳಿಸ್ತಾರೆ, ಫೋಕಸ್ ಅಳೀತಾರೆ. ಎಲ್ಲ ಸರಿಯಾದ ಮೇಲೆ ಅವನನ್ನು ಪಕ್ಕಕ್ಕೆ ಕಳಿಸಿ ಹೀರೋನ ಕರೀತಾರೆ. ಅಂಥವನನ್ನು ಮುಖ್ಯ ಪಾತ್ರಗಳ ಸಾಲಿಗೆ ತಂದು ಕೂರಿಸಿದ್ದಾರೆ. ಸೆಟ್ಟಿನಲ್ಲಿ ಬೆವರು ಸುರಿಸಿದವರೇ ಬರೆದಿದ್ದು ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

90210 ಪೂರ್ತಿ ನೋಡಲೇಬೇಕು ಅಂತೇನಿಲ್ಲ. 10 ಸೀಸನ್ ಇದೆ, ಯಾರಿಗೆ ಆಗುತ್ತೆ? ಒಂದೆರಡು ಕಂತು ತೋರಿಸಿ, ಆಮೇಲೆ ಇದನ್ನು ಹಾಕಿ.

ಶಿರಸಿ_ಹಳೆಪೇಟೆ:
ಅದೂ ಬೇಡ ಮಾರಾಯ್ರೇ. ಕೊರಿಯನ್ ಸೀರಿಯಲ್ ನೋಡುವವಳಿಗೆ ತ್ರಿಕೋನ ಪ್ರೇಮ, ಹೊಸ ಹುಡುಗಿ ಬಂದ ಕೂಡಲೇ ಹಳಬಳಿಗೆ ಹೊಟ್ಟೆಕಿಚ್ಚು, ಇದನ್ನೆಲ್ಲ ನಾವು ಕಲಿಸಬೇಕಾ? ನೇರ ಮೊದಲ ಕಂತು ಹಾಕಿ. ಇಷ್ಟ ಆದರೆ ಅದೇ ಚಾನೆಲ್‌ನ 'ಪಾಪ್ಯುಲರ್' ಹುಡುಕಿ, 1999ರಿಂದ 2001ರವರೆಗೆ ಬಂದದ್ದು. ಅದು ಹೈಸ್ಕೂಲು ಕಥೆಯೊಳಗೇ ಇದ್ದುಕೊಂಡು ಹೈಸ್ಕೂಲು ಕಥೆಗಳನ್ನು ನೋಡಿ ನಗ್ತಿತ್ತು, ಎರಡು ಸೀಸನ್ ಸಿಕ್ಕಿತು.